ಜೊತೆಗೆ ಬರುವವರ ಸಹಿ

ಜೂನ್ 4, ಮಂಗಳವಾರ
ಊಟದ ಬಿಡುವು, ಸ್ಟೋರ್ ರೂಮು

ಪ್ರೀತಿಯ ಕಾಲರಕ್ಕನಿಗೆ,

ಏಳನೇ ಲೈನಿನಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ನಿನ್ನ ಕಾಜಾ ಮಾಡುವ ನಮಸ್ಕಾರಗಳು. ಲಕೋಟೆಯ ಮೇಲಿನ ಅಕ್ಷರ ನೋಡಿ ಯಾರದಿದು ಎಂದು ತಿರುಗಿಸಿ ನೋಡಿರುತ್ತೀಯ. ಅಕ್ಷರ ಇನ್ನೂ ಹಾಗೇ ಇದೆ, ನೀನು ಹೇಳುತ್ತಿದ್ದ ಹಾಗೆ ಕೋಳಿ ಕೆದರಿದಂತೆ. ತಡವಾಯಿತು, ಕ್ಷಮಿಸು ಎಂದು ಶುರು ಮಾಡಬೇಕು. ಆದರೆ ಆರು ವಾರ ತಡವಾದರೆ ಹಾಗೆ ಬರೆಯಬಹುದು. ಆರು ವರ್ಷಕ್ಕೆ ಏನು ಬರೆಯುತ್ತಾರೋ ನನಗೆ ತಿಳಿಯದು. ನಿನ್ನ ವಿಳಾಸ ಕೊಟ್ಟವರು ದಾರದ ಅಂಗಡಿಯವರು. ಕಳೆದ ವಾರ ಫ್ಯಾಕ್ಟರಿಗೆ ಬಂದಿದ್ದಾಗ ಮಾತಿಗೆ ಮಾತು ಬಂದು, "ನಿಮ್ಮ ಏಳನೇ ಲೈನಲ್ಲಿ ಕಾಲರ್ ಹಾಕ್ತಿದ್ರಲ್ಲ, ಅವ್ರು ಈಗ ಎರಡು ಮಷೀನ್ ಇಟ್ಕೊಂಡು ಸ್ವಂತ ಅಂಗಡಿ ನಡೆಸ್ತಿದಾರೆ. ಹೊಟ್ಟೆದು ಏನೋ ತೊಂದರೆ ಇತ್ತು, ಒಳಗೆ ಕ್ಯಾಮೆರಾ ಹಾಕಿಸಿ ಪರೀಕ್ಷೆ ಮಾಡಿಸ್ಕೊಂಡು, ಮಾತ್ರೆ ತಗೊಂಡು ಈಗ ಚೆನ್ನಾಗಿದಾರೆ" ಅಂದರು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಯಾವುದು ಮೊದಲು ಆಯಿತೆಂದು ಕೇಳಬೇಡ.

ಫೋನ್ ನಂಬರನ್ನೂ ಕೊಟ್ಟರು. ಎರಡು ಸಲ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ಇದು ಬಾಯಲ್ಲಿ ಹೇಳುವ ಮಾತಲ್ಲ. ನಮ್ಮ ಮನೆಯ ಗೋಡೆ ಎಷ್ಟು ತೆಳು ಎಂಬುದು ನಿನಗೆ ಗೊತ್ತು, ಪಕ್ಕದ ಮನೆಯವರು ಆಕಳಿಸಿದರೆ ನಮಗೆ ನಿದ್ದೆ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ಎರಡೂವರೆ ತಿಂಗಳಿಂದ ನನ್ನ ಹೊಟ್ಟೆ ನನ್ನ ಮಾತು ಕೇಳುತ್ತಿಲ್ಲ. ಮೊದಲು ಒಂದು ವಾರ ಭೇದಿ. ಏನೋ ತಿಂದದ್ದು ಆಗಿಬರಲಿಲ್ಲ ಎಂದುಕೊಂಡೆ. ಆಮೇಲೆ ನಾಲ್ಕು ದಿನ ಏನೂ ಇಲ್ಲ, ಕಲ್ಲು ಕಟ್ಟಿದ ಹಾಗೆ. ಮತ್ತೆ ಭೇದಿ, ದಿನಕ್ಕೆ ಏಳು ಸಲ, ಎಂಟು ಸಲ. ಹೋಗಿ ಬಂದರೂ ಹೋಗಿಲ್ಲ ಅನಿಸುವುದು, ಓಡಿ ಹೋಗಿ ಕೂತರೆ ಏನೂ ಇಲ್ಲದಿರುವುದು. ಎಡಗಡೆ ಕೆಳಹೊಟ್ಟೆಯಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ, ಬಿಡುತ್ತದೆ. ಒಂದು ದಿನ ಕೆಂಪಗೆ ಕಂಡಿತು. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದೆ, ಅದೇ ಇರಬೇಕೆಂದು ಸಮಾಧಾನ ಮಾಡಿಕೊಂಡೆ. ಆ ಬೀಟ್‌ರೂಟನ್ನು ನಾನು ಹತ್ತು ದಿನ ನಂಬಿದೆ ಅಕ್ಕ. ಬೀಟ್‌ರೂಟ್ ಹತ್ತು ದಿನ ಹೊಟ್ಟೆಯಲ್ಲಿರುವುದಿಲ್ಲ ಎಂದು ಗೊತ್ತಿದ್ದೂ ನಂಬಿದೆ.

ಈಗ ನನ್ನ ಲೋಕವೆಲ್ಲ ಕಕ್ಕಸಿನ ದಾರಿಯಾಗಿದೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಆ ಬಸ್ಸು ಬಿಡುತ್ತೇನೆ. ಪೆಟ್ರೋಲ್ ಬಂಕ್ ಇರುವ ರಸ್ತೆಯಲ್ಲಿ ಹೋಗುವ ಬಸ್ಸು ಸುತ್ತು, ಆದರೂ ಅದನ್ನೇ ಹತ್ತುತ್ತೇನೆ. ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ, ಒಂದು ಸೋಪು, ಎರಡು ಪ್ಲಾಸ್ಟಿಕ್ ಕವರ್. ಕಪ್ಪು ಬಿಟ್ಟು ಬೇರೆ ಬಣ್ಣ ಉಡುವುದನ್ನು ಬಿಟ್ಟಿದ್ದೇನೆ. ಮೊನ್ನೆ ತೋಳಿಗೆ ಕಫ್ ಹಾಕುವವಳು, "ಏನು ಸೂಪರ್‌ವೈಸರ್ ಅಕ್ಕ, ಯಾರ ಮೇಲೆ ಮುನಿಸು, ದಿನಾ ಕಪ್ಪು?" ಅಂದಳು. ನಕ್ಕೆ, ನಗುವುದಕ್ಕೂ ಈಗ ಧೈರ್ಯ ಬೇಕು.

ಗಂಟೆ ಹೊಡೆಯಿತು. ಉಳಿದದ್ದು ಆಮೇಲೆ.

ಜೂನ್ 9, ಭಾನುವಾರ
ಮಧ್ಯಾಹ್ನ, ಅಡುಗೆಮನೆ

ಅಕ್ಕ, ಕಾಗದ ಐದು ದಿನ ನನ್ನ ಚೀಲದಲ್ಲೇ ಇತ್ತು. ಹರಿದು ಹಾಕೋಣವೆಂದು ಒಮ್ಮೆ, ಬೇಡವೆಂದು ಒಮ್ಮೆ. ಇತ್ತೀಚೆಗೆ ನನಗೆ ಎಲ್ಲದರಲ್ಲೂ ಹೀಗೇ. ನಿಂತರೆ ಕೂರಬೇಕು, ಕೂತರೆ ಏಳಬೇಕು.

ಹೋದ ತಿಂಗಳು ಡಾಕ್ಟರ ಹತ್ತಿರ ಹೋದ ಕಥೆ ಕೇಳು. ನಮ್ಮ ಬೀದಿ ಕ್ಲಿನಿಕ್ಕಿನ ಡಾಕ್ಟರಮ್ಮ, ಚಿಕ್ಕ ವಯಸ್ಸು, ಮಾತು ಮೆತ್ತಗೆ. ಹೊಟ್ಟೆ ಒತ್ತಿ ನೋಡಿದರು, ಕೇಳಬಾರದ್ದನ್ನೆಲ್ಲ ಕೇಳಿದರು, ಮಲ ಪರೀಕ್ಷೆಗೆ ಒಂದು ಡಬ್ಬಿ ಕೊಟ್ಟು ದೊಡ್ಡಾಸ್ಪತ್ರೆಯ ಲ್ಯಾಬಿಗೆ ಕೊಡಲು ಹೇಳಿದರು. ಆಮೇಲೆ ನಾನು ಮಾಡಿದ ಘನಕಾರ್ಯ ಕೇಳಿದರೆ ನೀನು ಮಷೀನಿನ ಮೇಲೆ ಬಿದ್ದು ನಗುತ್ತೀಯ. ಇಪ್ಪತ್ತು ವರ್ಷ ಸ್ಯಾಂಪಲ್ ಶರಟು ಕಟ್ಟಿದ ಕೈ ಇದು. ಸ್ಯಾಂಪಲ್ ಅಂದ ತಕ್ಷಣ ಕೈ ತಾನಾಗೇ ಚೀಲದಿಂದ ಫ್ಯಾಕ್ಟರಿಯ ಸ್ಟಿಕ್ಕರ್ ತೆಗೆದು ಡಬ್ಬಿಗೆ ಅಂಟಿಸಿತು, ಪೆನ್ನು ತೆಗೆದು ಬರೆಯಿತು. ಲೈನು: 7. ಸ್ಯಾಂಪಲ್: ಮೊದಲನೇದು. ಒಪ್ಪಿಗೆಗಾಗಿ. ಹೆಸರು ಬರೆಯಲೇ ಇಲ್ಲ. ನಮ್ಮ ಸ್ಟಿಕ್ಕರಿನಲ್ಲಿ ಹೊಲಿದವರ ಹೆಸರಿಗೆ ಜಾಗವೇ ಇಲ್ಲವಲ್ಲ.

ಮೂರು ದಿನದ ಮೇಲೆ ಲ್ಯಾಬಿನ ಕಿಟಕಿಯಲ್ಲಿ, ಡಬ್ಬಿಯ ಮೇಲೆ ಏಳು ಎಂದು ಬರೆದದ್ದು ಎಂದು ಕೇಳಿದೆ. "ಏಳಾ?" ಅಂದ ಒಳಗಿದ್ದವನು. "ಹೌದು, ಏಳು" ಅಂದೆ. ಒಂದು ಕಾಗದ ಕೊಟ್ಟ. ಏನೂ ತೊಂದರೆ ಇಲ್ಲ ಎಂದು ಬರೆದಿತ್ತು. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ, ಕಾಲು ನೆಲದ ಮೇಲಿರಲಿಲ್ಲ. ಅಷ್ಟು ದಿನ ಬಚ್ಚಿಟ್ಟಿದ್ದನ್ನೆಲ್ಲ ನಮ್ಮ ಮನೆಯವರ ಮುಂದೆ ಸುರಿದುಬಿಟ್ಟೆ. ಅವರ ವಿಷಯ ನಿನಗೆ ಗೊತ್ತು. ಲಿಫ್ಟ್ ರಿಪೇರಿ ಮಾಡುವವರು, ಯಾವ ಮಾತನ್ನೂ ಒಂದು ಮಹಡಿಯಲ್ಲಿ ನಿಲ್ಲಿಸುವ ಅಭ್ಯಾಸವಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ನನ್ನ ಹೊಟ್ಟೆ ಚೆನ್ನಾಗಿದೆ ಎಂಬ ಸುದ್ದಿ ಮುಟ್ಟಿತು. ಹೊಟ್ಟೆ ಚೆನ್ನಾಗಿರಲಿಲ್ಲ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ಒಬ್ಬೊಬ್ಬರಾಗಿ ಬಂದು ಏನಾಗಿತ್ತು ಎಂದು ವಿಚಾರಿಸಿಕೊಂಡು ಹೋದರು.

ಎರಡು ದಿನವಾದ ಮೇಲೆ, ಕಾಗದ ಪಡೆಯುವಾಗ ಬರೆಸಿದ್ದ ನಂಬರಿಗೆ ಲ್ಯಾಬಿನಿಂದ ಫೋನು. "ಮೇಡಂ, ನಿಮಗೆ ಕೊಟ್ಟಿದ್ದು ಏಳನೇ ಬೆಡ್ಡಿನವರ ರಿಪೋರ್ಟು. ಇಲ್ಲೊಂದು ಡಬ್ಬಿ ಉಳಿದಿದೆ, ಮೇಲೆ ಒಪ್ಪಿಗೆಗಾಗಿ ಅಂತ ಇದೆ. ಇದು ನಿಮ್ಮದಾ?" ಏನು ಹೇಳಲಿ? ನನ್ನದೇ, ಒಪ್ಪಿಗೆಯಾಗಿಲ್ಲ ಎಂದೆ. ಆ ಡಬ್ಬಿ ಹಳೆಯದಾಗಿ ಕೆಟ್ಟಿತ್ತು, ಹೊಸದು ಕೊಡಬೇಕಾಯಿತು. ಈ ಸಲ ಹೆಸರು ಎರಡು ಕಡೆ ಬರೆದೆ. ಬಂದ ರಿಪೋರ್ಟಿನಲ್ಲಿ ರಕ್ತ ಇದೆ ಎಂದಿತ್ತು. ಮೈಯಲ್ಲಿ ಇರಬೇಕಾದ ರಕ್ತ ಕಡಿಮೆ ಇದೆ ಎಂದು ರಕ್ತ ಪರೀಕ್ಷೆಯ ಇನ್ನೊಂದು ಕಾಗದ. ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ.

ತಮಾಷೆ ಏನು ಗೊತ್ತಾ? ಆ ತಪ್ಪು ರಿಪೋರ್ಟು ಕೈಯಲ್ಲಿದ್ದ ಎರಡು ದಿನ ನನಗೆ ನೋವೇ ಇರಲಿಲ್ಲ. ದೇವರಾಣೆ. ಎರಡು ಹೊತ್ತು ಹೊಟ್ಟೆ ತುಂಬ ಉಂಡೆ. ಹಾಗಾದರೆ ನೋವು ಹೊಟ್ಟೆಯಲ್ಲಿದೆಯೋ ತಲೆಯಲ್ಲಿದೆಯೋ? ಅಂದಿನಿಂದ ನನ್ನ ಮೈ ಹೇಳುವುದನ್ನು ನಂಬುವುದೋ ಬಿಡುವುದೋ ತಿಳಿಯುತ್ತಿಲ್ಲ. ರಕ್ತ ಕಂಡ ದಿನ ಹೆದರಿಕೆ. ಕಾಣದ ದಿನ ಇನ್ನೂ ಹೆದರಿಕೆ, ಎಲ್ಲಿ ಅಡಗಿ ಕೂತಿದೆಯೋ ಎಂದು.

ಡಾಕ್ಟರಮ್ಮ ಹೇಳಿದ್ದು ಇಷ್ಟು: "ಮೂಲವ್ಯಾಧಿ ಇರಬಹುದು, ಕರುಳಿನ ಊತ ಇರಬಹುದು, ಗಂಟೂ ಇರಬಹುದು. ಹೊರಗಿನಿಂದ ನೋಡಿ ಹೇಳೋಕಾಗಲ್ಲ. ಕ್ಯಾಮೆರಾ ಹಾಕಿ ಒಳಗಡೆ ನೋಡಲೇಬೇಕು. ಅಲ್ಲೀವರೆಗೂ ನೀವು ಏನೂ ಅಂದ್ಕೋಬೇಡಿ." ಏನೂ ಅಂದುಕೊಳ್ಳದೆ ಇರುವುದು ಹೇಗೆಂದು ಮಾತ್ರ ಅವರು ಹೇಳಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ತಾರೀಖು ಸಿಕ್ಕಿರುವುದು ಇದೇ ಇಪ್ಪತ್ತೈದಕ್ಕೆ. ಮೂರು ಉತ್ತರ ಕೈಗಿಟ್ಟು, ಯಾವುದು ಸರಿ ಎಂದು ಹದಿನೈದು ದಿನ ಬಿಟ್ಟು ಹೇಳುತ್ತೇವೆ ಅಂದರೆ ಮನುಷ್ಯರು ಏನು ಮಾಡಬೇಕು?

ಸಲಹೆಗಳಿಗೆ ಮಾತ್ರ ಬರವಿಲ್ಲ. ನಮ್ಮ ಮನೆಯವರು, "ಬರೀ ಉಷ್ಣ ಅಷ್ಟೆ, ನೀರು ಕುಡಿ" ಅನ್ನುತ್ತಾರೆ. ಔಷಧಿ ಅಂಗಡಿಯವನು ಬಾಳೆಹಣ್ಣು ತಿನ್ನಿ ಅನ್ನುತ್ತಾನೆ. ಅತ್ತೆ ಬಾಳೆಹಣ್ಣು ಮುಟ್ಟಲೇಬೇಡ ಅನ್ನುತ್ತಾರೆ. ಇಬ್ಬರ ಮಾತನ್ನೂ ಉಳಿಸಲು ಅರ್ಧ ಹಣ್ಣು ತಿನ್ನುತ್ತೇನೆ. ಮಗಳಿಗೆ ಹೇಳಿಲ್ಲ, ಅವಳಿಗೆ ಎಂಟು ತಿಂಗಳು ತುಂಬಿದೆ, ಗಂಡನ ಮನೆಯಲ್ಲಿದ್ದಾಳೆ. "ಅಮ್ಮ, ಧ್ವನಿ ಯಾಕೋ ಸಣ್ಣಗಿದೆ" ಅಂದಳು ಫೋನಿನಲ್ಲಿ. ನಾನೇ ಸಣ್ಣಗಾಗಿದ್ದೇನೆ ಕಣೇ, ಧ್ವನಿ ಏನು ಮಾಡೀತು ಎನ್ನಬೇಕೆಂದು ಬಾಯಿಗೆ ಬಂದಿತ್ತು. ಮಗು ಒದೆಯುತ್ತಾ ಎಂದು ಕೇಳಿ ಮಾತು ಬದಲಿಸಿದೆ.

ಅಕ್ಕ, ನನಗೆ ಸಾವಿನ ಭಯ ಇದೆ. ಸುತ್ತಿ ಬಳಸಿ ಬರೆಯುವುದೇಕೆ? ಆ ಮಗುವನ್ನು ಎತ್ತಿಕೊಳ್ಳದೆ ಹೋಗಿಬಿಟ್ಟರೆ ಎಂಬ ಭಯ. ಬೀದಿಯಲ್ಲಿ ಯಾರೋ ಅಜ್ಜಿ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದರೆ ಮುಖ ತಿರುಗಿಸಿಬಿಡುತ್ತೇನೆ.

ಜೂನ್ 13, ಗುರುವಾರ
ಊಟದ ಬಿಡುವು

ಇವತ್ತು ಇದನ್ನು ಮುಗಿಸಿ ಅಂಚೆಗೆ ಹಾಕಲೇಬೇಕು. ಇಲ್ಲದಿದ್ದರೆ ನಿನ್ನನ್ನು ಮುಟ್ಟುವಷ್ಟರಲ್ಲಿ ಇಪ್ಪತ್ತೈದು ಕಳೆದಿರುತ್ತದೆ.

ನಿನ್ನಿಂದ ಎರಡು ಬೇಕು. ಒಂದು ತಿಳಿವಳಿಕೆ. ಹಿಂದಿನ ದಿನ ಏನೂ ಉಣ್ಣಬಾರದಂತೆ, ಬರೀ ತಿಳಿ ನೀರು. ಸಂಜೆಯಿಂದ ಒಂದು ಪುಡಿ ಕಲಸಿದ ನೀರು ಲೀಟರುಗಟ್ಟಲೆ ಕುಡಿದು ಹೊಟ್ಟೆಯನ್ನು ತೊಳೆದಿಡಬೇಕಂತೆ. ನೀನು ಕುಡಿದಿದ್ದೀಯ. ವಾಂತಿ ಬಂದರೆ ಏನು ಮಾಡಿದೆ? ಒಂದೇ ಸಲ ಗಟಗಟ ಕುಡಿದೆಯೋ, ಗುಟುಕು ಗುಟುಕಾಗಿಯೋ? ಕ್ಯಾಮೆರಾ ಹಾಕುವಾಗ ಎಚ್ಚರ ಇರುತ್ತದೆಯೇ? ಗಂಡಸರು ಇರುತ್ತಾರೆಯೇ? ಒಳಗೆ ಕಂಡದ್ದನ್ನು ಆಗಲೇ ಹೇಳುತ್ತಾರೆಯೋ, ಮತ್ತೆ ಕಾಯಿಸುತ್ತಾರೆಯೋ? ಡಾಕ್ಟರನ್ನು ಕೇಳಿದರೆ ಎಲ್ಲ ಸುಲಭ ಅನ್ನುತ್ತಾರೆ. ಸುಲಭವೋ ಅಲ್ಲವೋ, ಮಲಗಿದ್ದವರು ಹೇಳಬೇಕು.

ಎರಡನೆಯದು, ನೀನೇ. ಆಸ್ಪತ್ರೆಯವರು ಒಂದು ಫಾರಂ ಕೊಟ್ಟಿದ್ದಾರೆ. ಮಂಪರಿನ ಮದ್ದು ಕೊಡುವುದರಿಂದ ಜೊತೆಗೊಬ್ಬರು ಇರಲೇಬೇಕು, ಹೆಂಗಸರ ವಾರ್ಡಾದ್ದರಿಂದ ಹೆಂಗಸೇ ಇರಬೇಕು. ಜೊತೆಗೆ ಬರುವವರ ಹೆಸರು, ಸಹಿ ಎಂದು ಕೆಳಗೆ ಒಂದು ಗೆರೆ. ನಮ್ಮ ಮನೆಯವರು ಗೇಟಿನ ಹೊರಗೆ ಕೂತಿರುತ್ತಾರೆ, ಅವರಿಗೆ ಅಷ್ಟು ಹೊತ್ತಿಗೆ ನಾಲ್ಕು ಜನ ಸ್ನೇಹಿತರಾಗಿರುತ್ತಾರೆ. ಅತ್ತೆಗೆ ಮಂಡಿನೋವು. ಮಗಳಿಗೆ ಹೇಳುವ ಹಾಗಿಲ್ಲ. ಅಕ್ಕಪಕ್ಕದವರನ್ನು ಕರೆಯಬಹುದು. ಆದರೆ ಎಚ್ಚರವಾದಾಗ ನನಗೆ ಕಾಣುವ ಮೊದಲ ಮುಖ ಇದನ್ನು ಅನುಭವಿಸಿದವರದ್ದಾಗಿರಲಿ ಅನಿಸುತ್ತದೆ. ಯಾರ ಮುಂದೆ ಮಾನ ಹೋದರೂ ಹೋದ ಹಾಗಲ್ಲವೋ ಅಂಥವರದ್ದು. ಎರಡು ಗಂಟೆ ಬಸ್ಸಿನ ದಾರಿ, ಒಂದು ದಿನ ಅಂಗಡಿ ಮುಚ್ಚಬೇಕಾಗುತ್ತದೆ. ಕೇಳುವ ಮುಖ ನನಗಿಲ್ಲ. ಕೇಳುತ್ತಿದ್ದೇನೆ.

ಆ ದಿನದ ವಿಷಯ ಎತ್ತದೆ ಇದನ್ನು ಮುಗಿಸಿದರೆ ನೀನು ನನ್ನನ್ನು ಹೇಡಿ ಅನ್ನುತ್ತೀಯ. ಅದೂ ಸರಿಯೇ. ಶರಟು ಕೊಳ್ಳುವ ಕಂಪನಿಯವರು ನಮ್ಮ ಲೈನು ನೋಡಲು ಬಂದ ದಿನ. ನಾನು ಸೂಪರ್‌ವೈಸರ್ ಆಗಿ ಹನ್ನೊಂದು ದಿನವಾಗಿತ್ತು. ಮೂವತ್ತೆಂಟು ಜನರ ಲೈನಿಗೆ ಒಂದೇ ಕಾರ್ಡು, ಅದು ಕೊರಳಲ್ಲಿದ್ದವರು ಮಾತ್ರ ಕಕ್ಕಸಿಗೆ ಹೋಗಬಹುದು, ಅವರು ಬರುವವರೆಗೆ ಉಳಿದವರು ಸೀಟು ಬಿಡುವಂತಿಲ್ಲ. ನೀನು ಮೂರು ಸಲ ಕೈ ಎತ್ತಿದೆ. ಗುಂಡಿ ಹಾಕುವವಳು ಕಾರ್ಡು ತೆಗೆದುಕೊಂಡು ಹೋಗಿದ್ದಾಳೆ, ಇನ್ನೂ ಬಂದಿಲ್ಲ ಎಂದೆ. ಆಮೇಲೆ ಆದದ್ದನ್ನು ಬರೆಯಲಾರೆ, ನಿನಗೆ ನೆನಪಿಸುವ ಹಕ್ಕು ನನಗಿಲ್ಲ. ಹೊಲಿಯದ ಬಟ್ಟೆಯ ತುಂಡನ್ನು ಸೊಂಟಕ್ಕೆ ಸುತ್ತಿಕೊಂಡು ನೀನು ಲೈನಿನ ಉದ್ದಕ್ಕೂ ನಡೆದು ಹೋದೆ, ಯಾರೂ ತಲೆ ಎತ್ತಲಿಲ್ಲ, ಮಷೀನುಗಳೂ ನಿಲ್ಲಲಿಲ್ಲ. ಮರುದಿನ ನೀನು ಬರಲಿಲ್ಲ. ಗುಂಡಿಯವಳಿಗೆ ನಾನು ಎಲ್ಲರೆದುರು ಬೈದೆ. ಆ ದಿನ ಸಂಜೆ ಗೇಟಿನ ಹತ್ತಿರ ನೀನು ಅವಳಿಗೆ ಹಾಕಿದ ಶಾಪ ಅವಳಿಗೆ ಇನ್ನೂ ಬಾಯಿಪಾಠ ಇದೆ.

ಅವಳು ಇನ್ನೂ ಇಲ್ಲೇ ಇದ್ದಾಳೆ. ಈಗ ನನಗೆ ಆಸರೆ ಎಂದರೆ ಅವಳೇ. ನಾನು ಓಡಿದ ತಕ್ಷಣ ಎದ್ದು ಬಂದು ನನ್ನ ಜಾಗದಲ್ಲಿ ನಿಲ್ಲುತ್ತಾಳೆ. ಫ್ಲೋರ್ ಇನ್‌ಚಾರ್ಜ್ ಕೇಳಿದರೆ, "ಈಗ ತಾನೇ ಸ್ಟೋರಿಗೆ ಹೋದ್ರು ಸಾರ್" ಅನ್ನುತ್ತಾಳೆ. ನನ್ನನ್ನು ಏನಾಗಿದೆ ಎಂದು ಒಂದು ಸಲವೂ ಕೇಳಿಲ್ಲ. ಮೊನ್ನೆ ನಾನೇ ತಡೆಯಲಾರದೆ, "ಯಾಕೆ ಇಷ್ಟೆಲ್ಲ ಮಾಡ್ತೀಯ ನಂಗೆ?" ಅಂದೆ. "ಅದೇನು ದೊಡ್ಡ ವಿಷ್ಯ, ಹೋಗ್ಬೇಕು ಅಂದಾಗ ಹೋಗ್ಬೇಕಲ್ಲಕ್ಕ" ಎಂದು ಹೇಳಿ ಗುಂಡಿ ಎಣಿಸತೊಡಗಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಈಗ ನಮ್ಮ ಲೈನಿಗೆ ಕಾರ್ಡಿಲ್ಲ. ಹೋದ ವಾರ ನಾನೇ ತೆಗೆದೆ. ಇನ್‌ಚಾರ್ಜ್ ಕೂಗಾಡಿದರು, ಪೀಸು ಕಡಿಮೆಯಾದರೆ ನಿನ್ನ ತಲೆ ಅಂದರು. ಇನ್ನೂ ಕಡಿಮೆಯಾಗಿಲ್ಲ. ಹೊಟ್ಟೆ ಕೆಟ್ಟ ಮೇಲೆ ಬಂದ ಬುದ್ಧಿ ಎಂದು ನೀನು ನಗಬಹುದು. ನಗು.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳು ನಿನ್ನ ಎತ್ತರಕ್ಕೆ ಬೆಳೆದಿರಬೇಕು, ಅವರಿಗೆ ಒಳ್ಳೆಯದಾಗಲಿ. ನಿನ್ನ ಎರಡು ಮಷೀನು ನಾಲ್ಕಾಗಲಿ, ಸೂಜಿ ಮುರಿಯದಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ,
ಕಾಜಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಅಂಚು ಹರಿದಿದ್ದರೆ ಅದಕ್ಕೇ.

ಗುಂಡಿಯವಳು ಅವತ್ತು ಎಲ್ಲಿಗೂ ಹೋಗಿರಲಿಲ್ಲ. ನಿನಗಿಂತ ಆರು ಮಷೀನು ಹಿಂದೆ, ತನ್ನ ಸೀಟಿನಲ್ಲೇ ತಲೆ ತಗ್ಗಿಸಿ ಕೂತಿದ್ದಳು. ನೀನು ತಿರುಗಿ ನೋಡಿದ್ದರೆ ಕಾಣುತ್ತಿದ್ದಳು. ಕಾರ್ಡು ನನ್ನ ಏಪ್ರನ್ನಿನ ಒಳಗಿತ್ತು. ಕಂಪನಿಯವರು ಹೋಗುವವರೆಗೆ ಒಂದು ಸೀಟು ಖಾಲಿ ಕಂಡರೂ ನನ್ನನ್ನು ವಾಪಸ್ ಕಾಜಾ ಮಷೀನಿಗೆ ಕೂರಿಸುವುದಾಗಿ ಇನ್‌ಚಾರ್ಜ್ ಹೇಳಿದ್ದರು. ಆದರೆ ಬರೀ ಹೆದರಿಕೆಯಿಂದ ಮಾಡಿದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಗೆಳತಿ ಸೂಪರ್‌ವೈಸರ್ ಆದಳೆಂದು ನೀನು ಸಲಿಗೆ ತೆಗೆದುಕೊಳ್ಳುತ್ತಿದ್ದೀಯ, ನಾಟಕ ಮಾಡುತ್ತಿದ್ದೀಯ ಎಂದುಕೊಂಡಿದ್ದೆ. ಒಂದು ಸಲ ಕಾಯಲಿ, ಗೊತ್ತಾಗಲಿ ಎಂದುಕೊಂಡಿದ್ದೆ. ಬೈಗುಳ ತಿಂದವಳಿಗೆ ನಿಜ ಗೊತ್ತಿತ್ತು. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ, ನಾನು ಬಿಡಿಸಲಿಲ್ಲ. ನಿನ್ನ ಶಾಪ ಸೇರಬೇಕಾದದ್ದು ನನಗೆ.

ನೀನು ಮೊದಲ ಸಲ ಕೈ ಎತ್ತಿದ್ದು ಹತ್ತು ಹತ್ತಕ್ಕೆ. ಅವರು ಫ್ಲೋರ್ ಬಿಟ್ಟು ಹೋದದ್ದು ಹತ್ತು ಐವತ್ತಕ್ಕೆ. ಈಗ ನನ್ನ ಕೈಲಿ ನಾಲ್ಕು ನಿಮಿಷ ತಡೆಯಲಾಗುವುದಿಲ್ಲ ಅಕ್ಕ.

ಇದನ್ನು ಮೊದಲೇ ಬರೆದಿದ್ದರೆ ನೀನು ಮುಂದೆ ಓದುತ್ತಿರಲಿಲ್ಲ ಎಂದು ಕೊನೆಗೆ ಬರೆದೆ. ಅದೂ ಮೋಸವೇ. ಇಪ್ಪತ್ತೈದಕ್ಕೆ ಬೆಳಿಗ್ಗೆ ಎಂಟಕ್ಕೆ ನಾನು ಆಸ್ಪತ್ರೆಯ ಗೇಟಿನಲ್ಲಿರುತ್ತೇನೆ. ಬರುವುದಾದರೆ ಇಷ್ಟೂ ಗೊತ್ತಿದ್ದೇ ಬಾ. ಬರದಿದ್ದರೆ ಕಾರಣ ಬರೆಯುವ ತೊಂದರೆ ತೆಗೆದುಕೊಳ್ಳಬೇಡ, ಅದನ್ನು ನಾನೇ ಬರೆದಿದ್ದೇನೆ.